ಆನೆಯ ಸ್ವರ: ಫ್ರೆಂಚ್ ವಿನೋದಸಂಗೀತ ಮತ್ತು ಮೈಸೂರಿನ ಕಿವಿ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ನಾಗರಹೊಳೆ ಅರಣ್ಯದ ಒಂದು ಹೆಬ್ಬಾಗಿಲು. ಮೈಸೂರು ದಸರೆಯ ಆನೆಗಳ ಗಜಪಯಣ ಇಲ್ಲಿಂದ ಹೊರಡುವುದು ರೂಢಿಯಾಗಿದೆ. ಪೂಜೆ, ಮಂಗಳವಾದ್ಯಗಳ ನಡುವೆ ಆನೆಗಳು ಸ್ವಲ್ಪ ದೂರ ಹೆಜ್ಜೆ ಹಾಕಿ, ಅನಂತರ ಲಾರಿಗಳನ್ನೇರಿ ಮೈಸೂರು ಸೇರುತ್ತವೆ. ಹಿಂದೆ ಇಡೀ ದಾರಿಯನ್ನು ಅವು ನಡೆದೇ ಕ್ರಮಿಸುತ್ತಿದ್ದವು. ಅರಮನೆಯ ಅಂಗಳ ತಲುಪಿದ ಮೇಲೆ ಅವುಗಳಿಗೆ ಮುಖ್ಯವಾಗಿ ಎರಡು ವಿಷಯಗಳ ಅಭ್ಯಾಸ ನಡೆಯುತ್ತದೆ: ೭೫೦ ಕಿಲೋ ತೂಕದ ಅಂಬಾರಿಯನ್ನು ಹೊರಲು ಭಾರದ ಅಭ್ಯಾಸ, ಕುಶಾಲತೋಪು, ಜನಜಂಗುಳಿ, ವಾದ್ಯಘೋಷಗಳಿಗೆ ಬೆದರದಿರಲು ಸದ್ದಿನ ಅಭ್ಯಾಸ. ಆನೆ ಮತ್ತು ವಾದ್ಯವೃಂದ ಒಂದೇ ಬೀದಿಯಲ್ಲಿ ಸಾಗುವ ನಾಡು ಇದು. ಹೀಗಿರುವಾಗ ಆನೆಯನ್ನು ಕುರಿತು ಪ್ಯಾರಿಸ್ಸಿನಲ್ಲಿ ಹುಟ್ಟಿದ ಒಂದು ಸಂಗೀತದ ಹಾಸ್ಯ ಈ ನಾಡಿನ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಆ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮದೇ ಅರಮನೆಯ ಸಂಗೀತದಲ್ಲಿ ನಾವು ಗಮನಿಸದೆ ಬಿಟ್ಟ ಒಂದು ಮೂಲೆಗೆ ಬಂದು ಸೇರುತ್ತೇವೆ. ಪ್ರಸ್ತುತ ಪ್ರಬಂಧದ ಆಸಕ್ತಿ ಇರುವುದು ಅಲ್ಲಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದವರೆಗೆ ಫ್ರಾನ್ಸಿನಲ್ಲಿ ಇಬ್ಬರು ಪಿಯಾನೊವಾದಕರಿಗಾಗಿ, ಕೆಲವೊಮ್ಮೆ ವಾದ್ಯವೃಂದದೊಡನೆ, ಲೀಲೆಯ ಧಾಟಿಯ ರಚನೆಗಳ ಒಂದು ಪರಂಪರೆಯೇ ಬೆಳೆಯಿತು. ಜಾರ್ಜ್ ಬಿಜೇ ೧೮೭೧ರಲ್ಲಿ ಮಕ್ಕಳ ಆಟಗಳನ್ನು ಕುರಿತು ಹನ್ನೆರಡು ಕಿರುರಚನೆಗಳನ್ನು ಒಂದೇ ಪಿಯಾನೊದ ಮುಂದೆ ಕೂರುವ ಇಬ್ಬರಿಗಾಗಿ ಬರೆದು, ಅವುಗಳಲ್ಲಿ ಐದನ್ನು ವಾದ್ಯವೃಂದಕ್ಕೆ ಅಳವಡಿಸಿದ. ಗೇಬ್ರಿಯಲ್ ಫೋರೇ ಪರಿಚಿತರ ಮನೆಯ ಪುಟ್ಟ ಹುಡುಗಿಗಾಗಿ ‘ಡಾಲಿ’ ಬರೆದ. ಮಾರಿಸ್ ರಾವೆಲ್ ಕಥೆಗಳ ಲೋಕವನ್ನು ನಾಲ್ಕು ಕೈಗಳಿಗೆ ಹಂಚಿದ. ೧೯೧೦ರಲ್ಲಿ ಅದನ್ನು ಮೊದಲ ಬಾರಿಗೆ ಸಭೆಯಲ್ಲಿ ನುಡಿಸಿದವರು ಇಬ್ಬರು ಎಳೆಯ ಹುಡುಗಿಯರು. ಮರುವರ್ಷ ಅದು ವಾದ್ಯವೃಂದದ ರೂಪ ಪಡೆಯಿತು. ಎರಿಕ್ ಸಾತೀ ೧೯೦೩ರಲ್ಲಿ ‘ಪೇರುಹಣ್ಣಿನಾಕಾರದ ಮೂರು ರಚನೆಗಳು’ ಎಂದು ಹೆಸರಿಟ್ಟು, ಒಳಗೆ ಏಳನ್ನು ಇರಿಸಿದ. ಈ ಕೊನೆಯದು ಶೀರ್ಷಿಕೆಯಲ್ಲಿಯೇ ಮುಗಿದುಹೋಗುವ ಹಾಸ್ಯ ಎಂದು ನಮಗೆ ತೋರುತ್ತದೆಯಾದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಇಬ್ಬರು ನುಡಿಸುವುದೇ ಈ ಪ್ರಕಾರದ ಜೀವಾಳ. ಒಬ್ಬನೇ ಕುಳಿತು ನುಡಿಸುವ ಸಂಗೀತ ಆತ್ಮನಿವೇದನೆಯತ್ತ ಸಹಜವಾಗಿ ವಾಲುತ್ತದೆ. ಇಬ್ಬರು ಕೂಡಿದೊಡನೆ ಮಾತು, ಮರುಮಾತು, ಕೆಣಕು, ಅಣಕ ಶುರುವಾಗುತ್ತವೆ. ಇದು ನಮಗೆ ಹೊಸದೇನಲ್ಲ. ವೀಣೆಯ ಶೇಷಣ್ಣನವರೂ ಸುಬ್ಬಣ್ಣನವರೂ ಜೊತೆಯಾಗಿ ನುಡಿಸುತ್ತಿದ್ದ ಯುಗಳ ವೀಣಾವಾದನ ಮೈಸೂರಿನ ಸ್ಮೃತಿಯಲ್ಲಿ ಇಂದಿಗೂ ಉಳಿದಿದೆ. ತನಿ ಆವರ್ತನದಲ್ಲಿ ಮೃದಂಗದವರು ಎಸೆದ ಲೆಕ್ಕವನ್ನು ಘಟದವರು ಹಿಡಿದು ಮರಳಿಸುವಾಗ ಸಭೆಯಲ್ಲಿ ಏಳುವ ನಗೆಯನ್ನು ಕೇಳದ ರಸಿಕರಿಲ್ಲ. ಆದರೆ ಮಾರನೆಯ ದಿನದ ವಿಮರ್ಶೆಯಲ್ಲಿ ಆ ನಗೆಗೆ ಸ್ಥಾನವಿಲ್ಲ. ಅಲ್ಲಿ ‘ವಿದ್ವತ್ಪೂರ್ಣ’ ಎಂಬ ಪದವೊಂದು ಬಂದು ಕುಳಿತಿರುತ್ತದೆ.

ಈ ಪರಂಪರೆಯ ಅತಿ ಪ್ರಸಿದ್ಧ ಕೃತಿ ಕಮೀ ಸ್ಯಾನ್-ಸಾನ್ಸನ ‘ಪ್ರಾಣಿಗಳ ಜಾತ್ರೆ’. ೧೮೮೬ರ ಆರಂಭದಲ್ಲಿ ಆಸ್ಟ್ರಿಯಾದ ಒಂದು ಸಣ್ಣ ಊರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದಾಗ ಅವನು ಇದನ್ನು ರಚಿಸಿದ. ಎರಡು ಪಿಯಾನೊ, ಕೆಲವು ತಂತಿವಾದ್ಯಗಳು, ಕೊಳಲು, ಕ್ಲಾರಿನೆಟ್, ಝೈಲೋಫೋನ್, ಗಾಜಿನ ಹಾರ್ಮೋನಿಕಾ ಇಷ್ಟೇ ಪರಿಕರ, ಹದಿನಾಲ್ಕು ಕಿರುಭಾಗಗಳು. ಅದೇ ವರ್ಷ ಮಾರ್ಚ್ ೯ರಂದು, ಕ್ರೈಸ್ತರ ಉಪವಾಸಕಾಲ ತೊಡಗುವ ಮುನ್ನಾದಿನ, ಸೆಲ್ಲೊವಾದಕನೊಬ್ಬನ ಮನೆಯಲ್ಲಿ ಗೆಳೆಯರ ಎದುರು ಇದರ ಪ್ರಯೋಗ ನಡೆಯಿತು. ಅದರ ಬಳಿಕ ಕೃತಿಕಾರನೇ ಇದರ ಪ್ರಕಟಣೆಯನ್ನು ತಡೆದ. ‘ಹಂಸ’ವೆಂಬ ಒಂದು ಭಾಗವನ್ನು ಬಿಟ್ಟರೆ ಉಳಿದುದು ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ೧೯೨೧ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ೧೯೨೨ರಲ್ಲಿ ಕೃತಿ ಸಾರ್ವಜನಿಕರ ಮುಂದೆ ಬಂತು. ಅವನು ಇದನ್ನು ಬರೆದ ವರ್ಷದಲ್ಲಿಯೇ ಆರ್ಗನ್ ಸಹಿತವಾದ ತನ್ನ ಮೂರನೆಯ ಸಿಂಫನಿಯನ್ನೂ ಪೂರೈಸಿದನೆಂಬುದನ್ನು ಇಲ್ಲಿ ಸ್ಮರಿಸಬೇಕು. ಗಂಭೀರ ಕೃತಿಕಾರನೆಂಬ ಹೆಸರಿಗೆ ಕುಂದು ಬಂದೀತೆಂಬ ಅಂಜಿಕೆ ಅವನದು. ಇಂದು ಲೋಕದ ಬಹುಪಾಲು ಕೇಳುಗರು ಅವನನ್ನು ಗುರುತಿಸುವುದು ಅವನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಈ ಕೃತಿಯಿಂದಲೇ.

ಇದರ ಐದನೆಯ ಭಾಗ ‘ಆನೆ’. ವೃಂದದ ಅತ್ಯಂತ ಮಂದ್ರ ತಂತಿವಾದ್ಯವಾದ ಡಬಲ್ ಬೇಸ್, ಪಿಯಾನೊದ ಆಸರೆಯಲ್ಲಿ, ಮೂರೆಣಿಕೆಯ ವಾಲ್ಟ್ಸ್ ನೃತ್ಯದ ನಡೆಯಲ್ಲಿ ಹೆಜ್ಜೆಯಿಡುತ್ತದೆ. ನಡುವೆ ಬೆರ್ಲಿಯೋಜ್ ಗಾಳಿಯ ಅಪ್ಸರೆಯರಿಗಾಗಿ ಬರೆದ ನೃತ್ಯದ ಧಾಟಿಯೂ, ಮೆಂಡೆಲ್‌ಸನ್ ಯಕ್ಷಲೋಕದ ನಾಟಕಕ್ಕೆ ಬರೆದ ಚುರುಕಾದ ಧಾಟಿಯೂ ಇಣುಕುತ್ತವೆ. ತುಪ್ಪುಳದಂತೆ ಹಗುರವಾದ ಸಂಗೀತವನ್ನು ಎತ್ತಿ ಆನೆಯ ಬೆನ್ನಿಗೆ ಹೊರಿಸಿದ್ದೇ ಇಲ್ಲಿನ ಹಾಸ್ಯ. ಪ್ಯಾರಿಸ್ಸಿನ ಕೇಳುಗ ನಗಬೇಕಾದರೆ ಅವನಿಗೆ ಎರಡು ಸಂಗತಿಗಳು ತಿಳಿದಿರಬೇಕು: ಬೆರ್ಲಿಯೋಜನ ಮೂಲ, ಆನೆ ಬೃಹದಾಕಾರದ, ಒಡ್ಡೊಡ್ಡಾದ ಪ್ರಾಣಿ ಎಂಬ ನಂಬಿಕೆ. ಮೊದಲನೆಯದು ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಎರಡನೆಯದು ನಮ್ಮಲ್ಲಿ ನಿಲ್ಲುವುದೇ ಇಲ್ಲ.

ಆನೆಯ ಪಾದದಡಿ ಮೆತ್ತನೆಯ ಮೇದಸ್ಸಿನ ಪದರವಿದೆ. ಟನ್ನುಗಟ್ಟಲೆ ತೂಕದ ಪ್ರಾಣಿ ಸದ್ದಿಲ್ಲದೆ ನಡೆಯಬಲ್ಲದು. ಕಾಡಂಚಿನ ಊರುಗಳವರಿಗೆ ಇದು ಪುಸ್ತಕದ ಜ್ಞಾನವಲ್ಲ, ರಾಗಿ ಹೊಲದ ಕಾವಲಿನ ಅನುಭವ. ಕಾವ್ಯದಲ್ಲಿಯೂ ಹಾಗೆಯೇ. ‘ಗಜಗಮನೆ’ ಎಂಬುದು ನಮ್ಮಲ್ಲಿ ಹೊಗಳಿಕೆ; ಅದನ್ನು ಫ್ರೆಂಚಿಗೆ ಪದಶಃ ತಿರುಗಿಸಿದರೆ ಜಗಳವಾದೀತು. ಸಂಗೀತಶಾಸ್ತ್ರಕ್ಕೆ ಬಂದರೆ ವೈದೃಶ್ಯ ಇನ್ನೂ ಹರಿತವಾಗುತ್ತದೆ. ಸಪ್ತಸ್ವರಗಳನ್ನು ಪ್ರಾಣಿಗಳ ಕೂಗಿನೊಡನೆ ಜೋಡಿಸುವ ನಮ್ಮ ಪರಂಪರೆಯಲ್ಲಿ ಷಡ್ಜ ನವಿಲಿನದು, ಪಂಚಮ ಕೋಗಿಲೆಯದು, ನಿಷಾದ ಆನೆಯದು. ಸ್ವರಶ್ರೇಣಿಯ ತುತ್ತತುದಿಯಲ್ಲಿ ನಾವು ಆನೆಯನ್ನು ಕೂರಿಸಿದೆವು. ಸ್ಯಾನ್-ಸಾನ್ಸ್ ವಾದ್ಯಗಳ ಪೈಕಿ ಎಲ್ಲಕ್ಕಿಂತ ತಳದಲ್ಲಿ ಕೂರಿಸಿದ. ನಮ್ಮವರು ಆನೆಯ ಘೀಳನ್ನು ಕೇಳಿದ್ದರು, ಅವನು ಅದರ ಗಾತ್ರವನ್ನು ನೋಡಿದ್ದ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆನೆಗಳು ಮನುಷ್ಯನ ಶ್ರವಣಶಕ್ತಿಗೆ ನಿಲುಕದಷ್ಟು ಮಂದ್ರವಾದ ಧ್ವನಿಯಲ್ಲಿ ಪರಸ್ಪರ ಸಂಪರ್ಕ ನಡೆಸುತ್ತವೆಂಬುದನ್ನು ೧೯೮೦ರ ದಶಕದಲ್ಲಿ ಕೇಟಿ ಪೇನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಹಾಗಾಗಿ ಡಬಲ್ ಬೇಸಿನ ಆಯ್ಕೆಯೂ ಸುಳ್ಳಲ್ಲ. ಹಾಸ್ಯಕ್ಕೆಂದು ಹೊರಟವನು ಅರಿವಿಲ್ಲದೆ ನಿಜವನ್ನೇ ಮುಟ್ಟಿದ್ದ.

ಇನ್ನೊಂದು ತೊಡಕಿದೆ. ನಾಲ್ಕನೆಯ ಭಾಗವಾದ ‘ಆಮೆಗಳು’ ಒಫೆನ್‌ಬಾಕನ ಕುಣಿಗಾಲಿನ ‘ಕ್ಯಾನ್‌ಕ್ಯಾನ್’ ಧಾಟಿಯನ್ನು ಅತಿ ನಿಧಾನಕ್ಕೆ ಇಳಿಸಿ ನುಡಿಸುತ್ತದೆ. ಎಲ್ಲರೂ ಬಲ್ಲ, ಎಲ್ಲರೂ ಕುಣಿದಿದ್ದ ಹಾಡು ಆಮೆಯ ಕಾಲಿಗೆ ಸಿಕ್ಕಿ ಹೆಣಗುವುದನ್ನು ಕೇಳಿ ಪ್ಯಾರಿಸ್ ನಗುತ್ತದೆ. ಮೈಸೂರಿನ ರಸಿಕರು ಇಲ್ಲಿ ನಗುವರೇ? ಪಲ್ಲವಿಯನ್ನು ಮೂರು ಕಾಲಗಳಲ್ಲಿ ನಿರ್ವಹಿಸುವುದು ನಮ್ಮಲ್ಲಿ ವಿದ್ವತ್ತಿನ ಒರೆಗಲ್ಲು. ಒಂದೇ ಸ್ವರವಾಕ್ಯ ವಿಳಂಬಕ್ಕೆ ಇಳಿದಾಗ ನಮ್ಮ ಬೆನ್ನು ನೆಟ್ಟಗಾಗುತ್ತದೆ. ಈಗ ಗಹನವಾದುದು ಬರಲಿದೆ ಎಂದು ಕಿವಿ ಸಜ್ಜಾಗುತ್ತದೆ. ಅಲ್ಲಿ ಅಣಕವಾದ ಕ್ರಿಯೆಯೇ ಇಲ್ಲಿ ಗೌರವದ ಕ್ರಿಯೆ. ಸಂಗೀತ ವಿಶ್ವಭಾಷೆಯೆಂದು ವೇದಿಕೆಗಳ ಮೇಲೆ ಸಲೀಸಾಗಿ ನುಡಿಯುವವರು ಈ ಆಮೆಯ ಮುಂದೆ ಕ್ಷಣಕಾಲ ನಿಲ್ಲಬೇಕು. ಕರುಣ, ಶೃಂಗಾರಗಳು ಗಡಿ ದಾಟುವಷ್ಟು ಸುಲಭವಾಗಿ ಹಾಸ್ಯ ದಾಟುವುದಿಲ್ಲ.

ಆದರೂ ನಮಗೆ ನೇರವಾಗಿ ದಕ್ಕುವ ಭಾಗವೊಂದಿದೆ. ಹನ್ನೊಂದನೆಯದರ ಹೆಸರು ‘ಪಿಯಾನೊವಾದಕರು’. ಪ್ರಾಣಿಗಳ ಸಾಲಿನಲ್ಲಿ ಅವರೂ ಒಂದು ಜಾತಿ! ಇಬ್ಬರೂ ಆರೋಹಣ ಅವರೋಹಣಗಳನ್ನು ಬಾಲಪಾಠದ ರೀತಿಯಲ್ಲಿ ನುಡಿಸುತ್ತಾರೆ. ಒಂದು ಮುಗಿದೊಡನೆ ಶ್ರುತಿಯನ್ನು ಅರ್ಧ ಮೆಟ್ಟಿಲು ಏರಿಸಿ ಅದನ್ನೇ ಮತ್ತೆ. ವಾದಕರು ಎಡವುತ್ತಾ, ಹೊಸಬರಂತೆ ನುಡಿಸಬೇಕೆಂಬ ಸೂಚನೆಯೂ ಅಚ್ಚಾದ ಸ್ವರಲಿಪಿಯಲ್ಲಿದೆ. ಮುಂಜಾನೆ ಐದಕ್ಕೆ ಎದ್ದು ಮಾಯಾಮಾಳವಗೌಳದ ಸರಳೆ ವರಸೆಯನ್ನು ಉಜ್ಜಿದವರಿಗೂ, ಅದನ್ನು ಪಕ್ಕದ ಮನೆಯಲ್ಲಿ ಕುಳಿತು ಸಹಿಸಿದವರಿಗೂ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಎಂಟನೆಯ ಭಾಗ ‘ಉದ್ದ ಕಿವಿಯ ಮಹನೀಯರು’. ಪಿಟೀಲುಗಳು ಒಮ್ಮೆ ಕೀರಲು ತಾರದಲ್ಲಿ, ಒಮ್ಮೆ ದಪ್ಪ ಮಂದ್ರದಲ್ಲಿ ಕತ್ತೆಯಂತೆ ಅರಚುತ್ತವೆ. ಇದು ಸಂಗೀತ ವಿಮರ್ಶಕರ ಭಾವಚಿತ್ರವೆಂಬುದು ಬಹುಕಾಲದಿಂದ ಬಂದಿರುವ ಅಭಿಪ್ರಾಯ. ಅದನ್ನು ಅಲ್ಲಗಳೆಯುವ ಅಧಿಕಾರ ಈ ಲೇಖಕರಿಗಂತೂ ಇಲ್ಲ.

ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಈ ಅಳತೆಗೋಲನ್ನು ವಾದ್ಯಸಂಗೀತಕ್ಕೆ ಹಿಡಿದು ನೋಡುವ ಪ್ರಯತ್ನ ನಮ್ಮಲ್ಲಿ ವಿರಳ. ಹಿಡಿದು ನೋಡಿದರೆ ಅದು ಆಶ್ಚರ್ಯಕರವಾಗಿ ಹೊಂದುತ್ತದೆ. ಬಿಜೇಯ ಮಕ್ಕಳಾಟಗಳು ಸ್ಮಿತ. ತುಟಿ ಅರಳುತ್ತದೆ, ಹಲ್ಲು ಕಾಣುವುದಿಲ್ಲ. ಸ್ಯಾನ್-ಸಾನ್ಸನದು ವಿಹಸಿತದಿಂದ ಉಪಹಸಿತದವರೆಗೆ ಸಾಗುತ್ತದೆ. ಅಣಕಿಸುವವನ ಮೂಗಿನ ಕೊನೆ ಅಲುಗುವುದು ಕಾಣುತ್ತದೆ. ಆದರೆ ಅವನ ಮಿತಿಯೂ ಇಲ್ಲಿಯೇ ಗೋಚರಿಸುತ್ತದೆ. ಅವನ ಹದಿನಾಲ್ಕು ಭಾಗಗಳಲ್ಲಿ ಒಂದೊಂದು ಒಂದೊಂದೇ ಭಾವದ್ದು. ನಗುವಾಗ ನಗು, ‘ಹಂಸ’ ಬಂದಾಗ ಸೌಂದರ್ಯ. ಎರಡೂ ಬೇರೆ ಬೇರೆ ಪಂಜರಗಳಲ್ಲಿರುತ್ತವೆ. ಜನಪ್ರಿಯವಾದ ‘ಹಂಸ’ಕ್ಕಿಂತ ‘ಪಳೆಯುಳಿಕೆಗಳು’ ಎಂಬ ಭಾಗವೇ ನಮಗೆ ಹಿರಿದೆನಿಸುತ್ತದೆ. ಅಲ್ಲಿ ಅವನು ತನ್ನದೇ ಹಳೆಯ ‘ಮರಣನೃತ್ಯ’ವನ್ನು ಮೂಳೆಗಳ ಸದ್ದಾಗಿಸಿ, ತನ್ನನ್ನೂ ಸಂಗ್ರಹಾಲಯದ ವಸ್ತುಗಳ ನಡುವೆ ಇಟ್ಟು ನಗುತ್ತಾನೆ.

ಪಂಜರಗಳನ್ನು ತೆಗೆದವನು ಫ್ರಾನ್ಸಿಸ್ ಪುಲಾಂಕ್. ಎರಡು ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ಅವನು ರಚಿಸಿದ ಕನ್ಸರ್ಟೊ ೧೯೩೨ರ ಸೆಪ್ಟೆಂಬರ್ ೫ರಂದು ವೆನಿಸ್ಸಿನಲ್ಲಿ ಮೊದಲ ಬಾರಿ ಕೇಳಿಬಂತು. ನುಡಿಸಿದವರು ಸ್ವತಃ ಪುಲಾಂಕ್ ಮತ್ತು ಅವನ ಬಾಲ್ಯದ ಗೆಳೆಯ ಜಾಕ್ ಫೆವ್ರಿಯೇ. ಬರೆಯಿಸಿದವಳು ಪೋಲಿನ್ಯಾಕ್ ರಾಜಕುಮಾರಿ. ಹುಟ್ಟಿನಿಂದ ಅವಳು ನಮ್ಮ ಮನೆಮನೆಗಳ ಸಿಂಗರ್ ಹೊಲಿಗೆಯಂತ್ರದ ಮನೆತನದವಳು. ಎರಡು ಬಿರುಸಾದ ಸ್ವರಮೇಳಗಳ ಪೆಟ್ಟಿನಿಂದ ತೊಡಗುವ ಈ ಕೃತಿ ಮೊದಲಿಗೆ ಪೇಟೆಬೀದಿಯ ಗದ್ದಲದಂತೆ ನುಗ್ಗುತ್ತದೆ. ನಾಟಕಶಾಲೆಯ ಹಾಡು, ಚಿಟಿಕೆವಾದ್ಯದ ಸದ್ದು, ಇಬ್ಬರು ವಾದಕರ ಪೈಪೋಟಿ ಎಲ್ಲವೂ ಇದೆ. ಮೊದಲ ಭಾಗದ ಕೊನೆಯಲ್ಲಿ ಮಾತ್ರ ಇದ್ದಕ್ಕಿದ್ದಂತೆ ಗದ್ದಲ ಅಡಗಿ, ಎರಡು ಪಿಯಾನೊಗಳೂ ಸಣ್ಣದೊಂದು ಸ್ವರಗುಚ್ಛವನ್ನು ಗಂಟೆಯ ನಾದದಂತೆ ಮತ್ತೆ ಮತ್ತೆ ಸುತ್ತತೊಡಗುತ್ತವೆ. ೧೯೩೧ರ ಪ್ಯಾರಿಸ್ ವಸಾಹತು ಪ್ರದರ್ಶನದಲ್ಲಿ ಪುಲಾಂಕ್ ಕೇಳಿದ್ದ ಬಾಲಿ ದ್ವೀಪದ ಗ್ಯಾಮೆಲಾನ್ ವೃಂದದ ನೆನಪು ಅದು. ಜಲತರಂಗ ಕೇಳಿ ಬೆಳೆದ ನಮ್ಮ ಕಿವಿಗೆ ಆ ನಾದ ಪರಕೀಯವೆನಿಸುವುದಿಲ್ಲ. ಎರಡನೆಯ ಭಾಗವನ್ನು ಅವನು ಮೊಟ್ಸಾರ್ಟನ ಧಾಟಿಯಲ್ಲಿ ಸರಳವಾಗಿ ಆರಂಭಿಸುತ್ತಾನೆ. ಅಣಕವೇ ಎಂದು ಕೇಳುಗ ತುಟಿಯಂಚಿನಲ್ಲಿ ನಗೆ ಸಿದ್ಧಪಡಿಸಿಕೊಳ್ಳುತ್ತಾನೆ. ಆರೇಳು ವಾಕ್ಯ ಕಳೆಯುವಷ್ಟರಲ್ಲಿ ಆ ನಗೆ ಕರಗಿಹೋಗಿರುತ್ತದೆ. ಹಾಸ್ಯವೂ ಕರುಣವೂ ಒಂದೇ ಸ್ವರವಾಕ್ಯದ ಎರಡು ಮಗ್ಗುಲುಗಳಾಗಬಲ್ಲವೆಂಬುದನ್ನು ಹೀಗೆ ಸಾಧಿಸಿದ ಕೃತಿಗಳು ಹೆಚ್ಚಿಲ್ಲ. ವಿನೋದವನ್ನು ‘ಲಘು’ ಎಂದು ಬದಿಗೆ ಸರಿಸುವ ವಿಮರ್ಶೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಈ ಉತ್ತರವನ್ನು ನಾವು ಫ್ರಾನ್ಸಿನಿಂದಲೇ ತರಬೇಕಾಗಿತ್ತೇ? ಮೈಸೂರಿನಲ್ಲಿ ಪ್ರಾಣಿ, ವಾದ್ಯ, ಆಟ ಇವು ಮೂರೂ ಕೂಡಿದ್ದು ಸ್ಯಾನ್-ಸಾನ್ಸನಿಗಿಂತ ಬಹಳ ಹಿಂದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ವಶವಾಗಿ, ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿಯ ಒಡಲಲ್ಲಿ ಒಂದು ಪುಟ್ಟ ಆರ್ಗನ್ ಇದೆ. ಹದಿನೆಂಟು ಗುಂಡಿಗಳ ಸಾಲನ್ನು ಒತ್ತಿ ಅದನ್ನು ನುಡಿಸಬಹುದು. ಫ್ರೆಂಚನು ಪ್ರಾಣಿಗಳನ್ನು ವಾದ್ಯದೊಳಗೆ ಇಟ್ಟ; ಇಲ್ಲಿ ವಾದ್ಯವನ್ನೇ ಪ್ರಾಣಿಯೊಳಗೆ ಇಡಲಾಗಿತ್ತು. ಆ ಆಟದ ಹಿಂದೆ ಇದ್ದುದು ರಾಜಕೀಯದ ರೋಷವೆಂಬುದು ಬೇರೆ ಮಾತು.

ಒಡೆಯರ ಕಾಲಕ್ಕೆ ಬಂದರೆ ಸಾಮಗ್ರಿ ಇನ್ನೂ ಹೇರಳ. ವೀಣೆಯ ಶೇಷಣ್ಣನವರು ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊಗಳಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕರ್ನಾಟಕ ವಾದ್ಯವೃಂದವೂ ಪಾಶ್ಚಾತ್ಯ ವಾದ್ಯವೃಂದವೂ ಒಂದೇ ಅರಮನೆಯಲ್ಲಿ ಬೆಳೆದವು. ವೀಣಾ ವೆಂಕಟಗಿರಿಯಪ್ಪನವರು ವೃಂದವಾದನಕ್ಕೆ ಒಗ್ಗುವ ‘ನಗ್ಮಾ’ ಎಂಬ ವಾದ್ಯರಚನೆಗಳನ್ನು ಮಾಡಿದರು. ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಇಂದಿಗೂ ಕಛೇರಿಗಳಲ್ಲಿ ಮೊಳಗುತ್ತದೆ. ಅದಕ್ಕೂ ನೂರು ವರ್ಷ ಹಿಂದೆ ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಬ್ಯಾಂಡ್ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಕೊಟ್ಟಿದ್ದರು.

ಈ ರಚನೆಗಳ ವಿನೋದ ಎಲ್ಲಿದೆ? ಗಮಕದ ತ್ಯಾಗದಲ್ಲಿ. ಶಂಕರಾಭರಣದ ಗಾಂಧಾರವನ್ನು ತೂಗಿ ತೊನೆದು ನುಡಿಸಿ ಬೆಳೆದ ಬೆರಳು ನೊಟ್ಟಿನಲ್ಲಿ ಅದೇ ಸ್ವರವನ್ನು ಅಲುಗಾಡದೆ ನಿಲ್ಲಿಸಬೇಕು. ಪಂಚೆಯುಟ್ಟ ಹಿರಿಯರು ಒಂದು ಸಂಜೆಯ ಮಟ್ಟಿಗೆ ಬೂಟು ತೊಟ್ಟು ಕವಾಯತಿನ ಹೆಜ್ಜೆ ಹಾಕಿದಂತೆ. ತೊಡಬಲ್ಲೆವು, ಬೇಕೆಂದಾಗ ಕಳಚಲೂಬಲ್ಲೆವು ಎಂಬ ಆತ್ಮವಿಶ್ವಾಸ ಆ ಹೆಜ್ಜೆಯಲ್ಲಿದೆ. ಆಳುವವರ ಸಂಗೀತವನ್ನು ಆಳಲ್ಪಟ್ಟವರು ನಕ್ಕು ನುಡಿಸಿದ ಈ ಬಗೆಯನ್ನು ಬರಿಯ ಅನುಕರಣೆಯೆಂದು ಕರೆಯುವುದು ಅನ್ಯಾಯ. ಬೆರ್ಲಿಯೋಜನನ್ನು ಬಲ್ಲವನಿಗೆ ಮಾತ್ರ ಸ್ಯಾನ್-ಸಾನ್ಸನ ಆನೆ ನಗಿಸುವಂತೆ, ಗಮಕವನ್ನು ಬಲ್ಲವನಿಗೆ ಮಾತ್ರ ನೊಟ್ಟು ನಗಿಸುತ್ತದೆ.

ಆದರೂ ಇವುಗಳಿಗೆ ನಾವು ಕೊಟ್ಟ ಜಾಗ ಕಛೇರಿಯ ಬಾಲದಲ್ಲಿ, ಜನ ಚಪ್ಪಲಿ ಹುಡುಕುವ ವೇಳೆಯಲ್ಲಿ. ಸಂಶೋಧನೆಯಲ್ಲಿಯೂ ಅದೇ ಜಾಗ. ಮುತ್ತಯ್ಯ ಭಾಗವತರ ನೂರೆಂಟು ಚಾಮುಂಡಾಂಬಾ ಕೃತಿಗಳನ್ನೂ, ಜಯಚಾಮರಾಜ ಒಡೆಯರ ತೊಂಬತ್ತನಾಲ್ಕು ಕೃತಿಗಳನ್ನೂ ನಾವು ಎಣಿಸಿ, ರಾಗವಾರು ಪಟ್ಟಿ ಮಾಡಿದ್ದೇವೆ. ಅದು ಆಗಬೇಕಾದ ಕೆಲಸವೇ. ಆದರೆ ಅದೇ ಗ್ರಂಥಗಳಲ್ಲಿ ನಗ್ಮಾಗಳ ಪ್ರಸ್ತಾಪ ಒಂದು ವಾಕ್ಯಕ್ಕೆ ಮುಗಿಯುತ್ತದೆ. ಜಯಚಾಮರಾಜ ಒಡೆಯರ ಪಾಶ್ಚಾತ್ಯ ಸಂಗೀತಪ್ರೇಮದ ವಿಷಯದಲ್ಲಿಯೂ ಹೀಗೆಯೇ. ಅವರು ಪಿಯಾನೊವಾದಕರಾಗುವ ಹಂಬಲವಿದ್ದವರು; ೧೯೪೦ರಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡು ಸಿಂಹಾಸನವೇರಬೇಕಾಯಿತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು; ಬಡತನದಲ್ಲಿದ್ದ ರಷ್ಯನ್ ಕೃತಿಕಾರ ಮೆಡ್ಟ್‌ನರನ ರಚನೆಗಳ ಧ್ವನಿಮುದ್ರಣಕ್ಕೆ ಹಣವೊದಗಿಸಿದರು; ಅವನು ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಗಂಭೀರ ಅರಸ, ಗಂಭೀರ ಕೃತಿಕಾರ; ಕತೆ ಚೊಕ್ಕವಾಗಿದೆ, ಎಲ್ಲರೂ ಬರೆಯುತ್ತಾರೆ. ಅದೇ ಅರಮನೆಯ ವೃಂದದವರು ಏನನ್ನು ನುಡಿಸಿ ನಗಿಸಿದರು ಎಂದು ಕೇಳಿದವರು ಕಡಿಮೆ. ಸ್ಯಾನ್-ಸಾನ್ಸ್ ತನ್ನ ಹಾಸ್ಯವನ್ನು ತಾನೇ ಮುಚ್ಚಿಟ್ಟ, ಆದರೆ ಸ್ವರಲಿಪಿ ಉಳಿದಿತ್ತು. ಮೂವತ್ತಾರು ವರ್ಷಗಳ ಬಳಿಕ ತೆರೆದಾಗ ಒಂದು ಸ್ವರವೂ ನಷ್ಟವಾಗಿರಲಿಲ್ಲ. ಬಾಯಿಂದ ಬೆರಳಿಗೆ, ಬೆರಳಿಂದ ಬೆರಳಿಗೆ ದಾಟುವ ನಮ್ಮ ಸಂಗೀತದಲ್ಲಿ ಮೂವತ್ತಾರು ವರ್ಷಗಳ ಅಲಕ್ಷ್ಯವೆಂದರೆ ಒಂದು ಇಡೀ ತಲೆಮಾರು.

ಅರಮನೆಯ ಎರಡೂ ವಾದ್ಯವೃಂದಗಳ ಪರಂಪರೆಯನ್ನು ಇಂದು ಮೈಸೂರಿನಲ್ಲಿ ಮುಂದುವರಿಸಿಕೊಂಡು ಬಂದಿರುವುದು ಪೊಲೀಸ್ ಬ್ಯಾಂಡ್. ಕರ್ನಾಟಕ ವೃಂದ ಮತ್ತು ಇಂಗ್ಲಿಷ್ ವೃಂದ ಎರಡೂ ಅಲ್ಲಿ ಜೀವಂತವಾಗಿವೆ. ದಸರೆಯಲ್ಲಿ ಜನ ಅವನ್ನು ಕೇಳುತ್ತಾರೆ. ವಾದಕರ ಕೈಬರಹದ ಪುಸ್ತಕಗಳು, ನಿವೃತ್ತರ ನೆನಪು, ವೀಣಾ ಪರಂಪರೆಯ ಶಿಷ್ಯರ ಬೆರಳು ಇವುಗಳಿಂದ ನಗ್ಮಾಗಳನ್ನೂ ನೊಟ್ಟುಗಳನ್ನೂ ಪೂರ್ಣ ಸ್ವರಲಿಪಿಯೊಡನೆ ಸಂಪಾದಿಸುವ ಕೆಲಸವನ್ನು ಅಕಾಡೆಮಿಯಂತಹ ಸಂಸ್ಥೆ ಕೈಗೊಳ್ಳಬಹುದು. ಅದರ ಫಲವನ್ನು ಕೇಳಿಸಲು ಒಂದು ಸಂಜೆ ಸಾಕು: ಮೊದಲು ‘ಪ್ರಾಣಿಗಳ ಜಾತ್ರೆ’, ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಬಳಿಕ ವೆಂಕಟಗಿರಿಯಪ್ಪನವರ ನಗ್ಮಾಗಳು, ಕಛೇರಿಯ ನಡುಭಾಗದಲ್ಲಿ, ತನಿಯ ನಂತರದ ಉಳಿಕೆಯಾಗಿ ಅಲ್ಲ. ಜಾತ್ರೆಯ ಕೊನೆಯ ಭಾಗದಲ್ಲಿ ಕೋಳಿ, ಕಾಡುಕತ್ತೆ, ಕಾಂಗರೂ ಎಲ್ಲವೂ ಒಮ್ಮೆ ಓಡಿ ಮರೆಯಾದ ಮೇಲೆ, ಮುಕ್ತಾಯದ ಸ್ವರಮೇಳ ಬೀಳುವ ಸ್ವಲ್ಪ ಮೊದಲು ಉದ್ದ ಕಿವಿಯವರು ಮತ್ತೊಮ್ಮೆ ಅರಚುತ್ತಾರೆ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ವಿಮರ್ಶಕರು ಆಗ ನಗುತ್ತಾರೆಯೇ ಎಂಬುದನ್ನು ಹಿಂದಿನ ಸಾಲಿನವರು ಗಮನಿಸಲಿ.